ಸಹಾಯ ಬೇಕು: 4,29,49,67,297ರ ಅಪವರ್ತನಗಳ ಕುರಿತು

ಗುಂಪಿನ ಹಿರಿಯರಿಗೆ ನಮಸ್ಕಾರ. ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ.

2³²ಕ್ಕೆ ಒಂದನ್ನು ಕೂಡಿಸಿದರೆ ಬರುವ 4,29,49,67,297 ಎಂಬ ಸಂಖ್ಯೆಯನ್ನು ಗಣಿತಜ್ಞ ಫರ್ಮಾ ಅವಿಭಾಜ್ಯವೆಂದು ನಂಬಿದ್ದನು. ಅದು 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು 1732ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದನು. 641 ಎಂಬುದು 5×2⁷+1 ಕೂಡ, 5⁴+2⁴ ಕೂಡ ಆಗಿರುವುದರಿಂದ, ಭಾಗಾಕಾರ ಮಾಡದೆಯೇ ಇದನ್ನು ಸಾಧಿಸುವ ಬಗೆಯನ್ನು ಮಕ್ಕಳಿಗೆ ಹಲಗೆಯ ಮೇಲೆ ತೋರಿಸಿದೆನು. (ಅವರಿಗೆ ಭಾಗಾಕಾರವೇ ಹೆಚ್ಚು ಹಿಡಿಸಿತು.)

ನನ್ನ ತೊಡಕಿರುವುದು ಇನ್ನೊಂದು ಅಪವರ್ತನವಾದ 67,00,417ರಲ್ಲಿ. ಅದು ಅವಿಭಾಜ್ಯವೆಂದು ಖಚಿತಪಡಿಸಿಕೊಳ್ಳಲು ವರ್ಗಮೂಲದವರೆಗಿನ, ಅಂದರೆ 2588ರವರೆಗಿನ, ಎಲ್ಲ ಅವಿಭಾಜ್ಯಗಳಿಂದ ಭಾಗಿಸಬೇಕಿಲ್ಲ. 2³²+1ರ ಯಾವುದೇ ಅವಿಭಾಜ್ಯ ಅಪವರ್ತನವು 128ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕೆಂಬ ನಿಯಮದಿಂದ 257, 641, 769, 1153, 1409 ಈ ಐದೇ ಉಳಿಯುತ್ತವೆ. ಐದರಲ್ಲೂ ಶೇಷ ಬರುವುದನ್ನು ಕೈಲೆಕ್ಕದಿಂದಲೇ ನೋಡಿದ್ದೇವೆ. ಆದರೆ "ಈ 128 ಎಲ್ಲಿಂದ ಬಂತ್ರಿ ಸರ್?" ಎಂದು ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಾಗ ನಾನು ಅರ್ಧ ಉತ್ತರವನ್ನಷ್ಟೇ ಕೊಟ್ಟೆನು. ಅಪವರ್ತನವು 64ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕೆಂಬವರೆಗೆ ಫರ್ಮಾನ ಕಿರು ಪ್ರಮೇಯದಿಂದ (p ಬೆಸ ಅವಿಭಾಜ್ಯವಾದರೆ 2ರ p−1ನೇ ಘಾತವನ್ನು p ಇಂದ ಭಾಗಿಸಿದಾಗ ಶೇಷ 1 ಎಂಬುದರಿಂದ) ವಿವರಿಸಬಲ್ಲೆ. ಅಲ್ಲಿಂದ 128ಕ್ಕೆ ಹೋಗಲು, 2²⁴−2⁸ರ ವರ್ಗವನ್ನು ಆ ಅಪವರ್ತನದಿಂದ ಭಾಗಿಸಿದರೆ ಶೇಷ 2 ಬರುತ್ತದೆಂಬ ಜಾಣ ವಾದ ಬೇಕಾಗುತ್ತದೆ. ಅದು ಶಾಲಾ ಮಕ್ಕಳಿಗೆ ಆಕಾಶದಿಂದ ಬಿದ್ದಂತೆ ಕಾಣುತ್ತದೆ. ಇದಕ್ಕಿಂತ ಸರಳವಾದ ದಾರಿ ತಿಳಿದವರು ದಯವಿಟ್ಟು ಹಂತ ಹಂತವಾಗಿ ಬರೆದು ತಿಳಿಸಬೇಕೆಂದು ವಿನಂತಿ.