2010ರ ಪೆಟ್ರೋಲ್ ಸ್ವಿಫ್ಟ್‌ಗೆ ಸರಿಯಾದ ಟೈಮಿಂಗ್ ಬೆಲ್ಟ್ ಕೇಳಿ ಪಡೆಯುವುದು ಹೇಗೆ?

ತುಮಕೂರಿನ ಸ್ವಿಫ್ಟ್:
ಮಾನ್ಯರೇ, 2010ರ ಫೆಬ್ರುವರಿಯಲ್ಲಿ ನೋಂದಣಿಯಾದ ಪೆಟ್ರೋಲ್ ಸ್ವಿಫ್ಟ್ ನನ್ನಲ್ಲಿದೆ. ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಬಿರುಕು ಬಿಟ್ಟಿದೆ, ತಡಮಾಡದೆ ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳಿದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಮೊದಲ ಅಂಗಡಿಯಲ್ಲಿ “2010ರ ಸ್ವಿಫ್ಟ್, ಪೆಟ್ರೋಲ್” ಎಂದೊಡನೆ, ಆ ಗಾಡಿಗೆ ಬರುವುದು ಚೈನು, ಬೆಲ್ಟೇ ಇಲ್ಲ ಎಂದು ಹೇಳಿ ಕಳುಹಿಸಿದರು. ಎರಡನೆಯ ಅಂಗಡಿಯವರು ಕೊಟ್ಟ ಬೆಲ್ಟನ್ನು ಊರಿಗೆ ತಂದು ಹಳೆಯದರ ಪಕ್ಕ ಹಿಡಿದರೆ ನಾಲ್ಕು ಬೆರಳಿನಷ್ಟು ಗಿಡ್ಡವಾಗಿತ್ತು. ಕವರ್ ಹರಿದಿದೆ ಎಂದು ಅದನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಗಾಡಿ ಗ್ಯಾರೇಜಿನಲ್ಲೇ ನಿಂತಿದೆ. ಮತ್ತೆ ಹೋಗುವ ಮುನ್ನ ನಾನು ಏನನ್ನು ತಿಳಿದುಕೊಂಡು, ಏನನ್ನು ಹಿಡಿದುಕೊಂಡು ಹೋಗಬೇಕು?

ಹಳೆಯ ಸ್ವಿಫ್ಟ್ ಮಾಲೀಕ:
ನೋಂದಣಿಯ ವರ್ಷವನ್ನು ಹೇಳಿದ್ದೇ ತೊಡಕಿಗೆ ಕಾರಣವಾಗಿರಬೇಕು. ಪೆಟ್ರೋಲ್ ಸ್ವಿಫ್ಟ್‌ಗೆ ಮೊದಲು ಇದ್ದದ್ದು 1298 ಸಿಸಿ ಎಂಜಿನ್, ಅದಕ್ಕೆ ಬೆಲ್ಟ್. 2010ರಲ್ಲಿ 1197 ಸಿಸಿಯ ಕೆ-ಸರಣಿಯ ಎಂಜಿನ್ ಬಂತು, ಅದಕ್ಕೆ ಚೈನು. ಹಿಂದಿನ ವರ್ಷದ ಕೊನೆಗೆ ತಯಾರಾಗಿ ಮರುವರ್ಷ ನೋಂದಣಿಯಾದ ಗಾಡಿಗಳಿಗೆ ಹೀಗಾಗುವುದು ಸಹಜ. ಆರ್.ಸಿ.ಯಲ್ಲಿ ತಯಾರಿಕೆಯ ತಿಂಗಳು ಮತ್ತು ಸಿಸಿ ಎರಡೂ ಇರುತ್ತವೆ, ದಯವಿಟ್ಟು ನೋಡಿ.

ಕೌಂಟರಿನ ಈಚೆಯಿಂದ:
ನಾನು ಬಿಡಿಭಾಗಗಳ ಅಂಗಡಿಯಲ್ಲೇ ಕೆಲಸ ಮಾಡುವವನು, ನಿಮಗಾದ ತೊಂದರೆ ಓದಿ ಬೇಸರವಾಯಿತು. ಗಾಡಿಯ ಹೆಸರಿಗಿಂತ ಚಾಸಿ ನಂಬರ್ ಹೇಳುವವರಿಗೆ ನಾವು ಸರಿಯಾದ ಮಾಲು ಕೊಡುವುದು ಸುಲಭ. ಅದರಲ್ಲಿ 17 ಅಕ್ಷರ-ಅಂಕಿಗಳಿರುತ್ತವೆ, ಮಾರುತಿ ಗಾಡಿಗಳದು ಸಾಮಾನ್ಯವಾಗಿ ಎಂಎ3 ಎಂದು ಆರಂಭವಾಗುತ್ತದೆ. ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲವಾದ್ದರಿಂದ ದುಂಡಗೆ ಕಂಡದ್ದನ್ನು ಸೊನ್ನೆ ಎಂದೇ ಬರೆದುಕೊಳ್ಳಿ; ಫೋನಿನಲ್ಲಿ ಓದಿ ಹೇಳುವಾಗ ಎಷ್ಟೋ ಜನ ಎಡವುವುದು ಅಲ್ಲಿಯೇ. ಆ ನಂಬರಿನಿಂದ ಪಾರ್ಟ್ ನಂಬರ್ ಸಿಗುತ್ತದೆ. ಅದರ ಮೊದಲ ಐದು ಅಂಕಿಗಳು ಯಾವ ಬಗೆಯ ಭಾಗ ಎಂಬುದನ್ನಷ್ಟೇ ಹೇಳುತ್ತವೆ: ಸುಜುಕಿಯ ಆಯಿಲ್ ಫಿಲ್ಟರುಗಳೆಲ್ಲ 16510 ಎಂದೇ ಶುರುವಾಗುತ್ತವೆ, ಯಾವ ಎಂಜಿನ್ನಿನದು ಎಂದು ತಿಳಿಯುವುದು ಉಳಿದ ಅರ್ಧದಿಂದ. ಆದ್ದರಿಂದ ಪೂರ್ತಿ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಹಳೆಯ ಬೆಲ್ಟನ್ನು ಸ್ಯಾಂಪಲ್ ಆಗಿ ಖಂಡಿತ ತನ್ನಿ. ಒಂದು ಹಲ್ಲಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಅಲ್ಲಿಂದ ಸುತ್ತು ಬಂದು ಮತ್ತೆ ಆ ಗುರುತು ಸಿಗುವವರೆಗೆ ಹಲ್ಲುಗಳನ್ನು ಎಣಿಸಿ. ಹೊಸದರಲ್ಲೂ ಅಷ್ಟೇ ಇರಬೇಕು. ಅಗಲವನ್ನೂ ಹಲ್ಲಿನ ಆಕಾರವನ್ನೂ ಹೋಲಿಸಿ. ಇವೆಲ್ಲವನ್ನೂ ಕೌಂಟರಿನಲ್ಲಿಯೇ, ಅಂಗಡಿಯವರ ಎದುರಿಗೇ ಮಾಡಿ. ಹೊಸ ಬೆಲ್ಟನ್ನು ಮಾತ್ರ ಮಡಿಸಬೇಡಿ, ತಿರುಚಬೇಡಿ. ಒಳಗಿನ ನೂಲು ಮುರಿಯುತ್ತದೆ.

ತುಮಕೂರಿನ ಸ್ವಿಫ್ಟ್:
ಇಬ್ಬರಿಗೂ ಧನ್ಯವಾದಗಳು. ಆರ್.ಸಿ.ಯಲ್ಲಿ 1298 ಸಿಸಿ, ತಯಾರಿಕೆ 2009ರ ನವೆಂಬರ್ ಎಂದಿದೆ. ಹಳೆಯ ಬೆಲ್ಟನ್ನು ಮೆಕ್ಯಾನಿಕ್ ಎಸೆದಿರಲಿಲ್ಲ, ತೆಗೆದಿಟ್ಟುಕೊಂಡಿದ್ದೇನೆ. ಸೋಮವಾರ ಹೋಗುತ್ತೇನೆ.

ಕೌಂಟರಿನ ಈಚೆಯಿಂದ:
ಹಾಗಿದ್ದರೆ ನಿಮಗೆ ಬೇಕಾದದ್ದು ಬೆಲ್ಟೇ. ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಬೇರಿಂಗನ್ನೂ ಅದೇ ಚಾಸಿ ನಂಬರ್ ಕೊಟ್ಟು ಜೊತೆಯಲ್ಲೇ ತೆಗೆದುಕೊಳ್ಳಿ. ಅದು ಮುಂದೆ ಸವೆದರೆ ಈಗ ಬಿಚ್ಚಿದ್ದನ್ನೆಲ್ಲ ಮತ್ತೆ ಬಿಚ್ಚಬೇಕಾಗುತ್ತದೆ.