ಸಹಾಯ ಬೇಕು: ಸ್ನಾಯುಗಳಿಗೆ ಪ್ರಾಣಿಗಳ ಹೆಸರಿರುವ ಆಡುಮಾತಿನ ಪದಗಳು

ಆತ್ಮೀಯರೇ, ಬೆಂಗಳೂರಿನ ಜಯನಗರದಲ್ಲಿ ಫಿಸಿಯೋಥೆರಪಿ ವಿದ್ಯಾರ್ಥಿಗಳಿಗೆಂದು ನಾನೊಂದು ಕನ್ನಡ ಪದಪಟ್ಟಿಯನ್ನು ಸಿದ್ಧಪಡಿಸುತ್ತಿದ್ದೇನೆ. ಇಂಗ್ಲಿಷಿನ 'ಮಸಲ್' ಎಂಬ ಪದವು 'ಪುಟ್ಟ ಇಲಿ' ಎಂಬ ಅರ್ಥದ ಲ್ಯಾಟಿನ್ ಪದ 'ಮುಸ್ಕುಲುಸ್'ನಿಂದ ಬಂದಿದೆ. ಗ್ರೀಕಿನ 'ಮೂಸ್' ಪದಕ್ಕೂ ಇಲಿ, ಸ್ನಾಯು ಎಂಬ ಎರಡೂ ಅರ್ಥಗಳಿವೆ. ಮೊಣಕೈಯನ್ನು ನಿಧಾನವಾಗಿ ಮಡಿಸಿ ಬಿಡಿಸುವಾಗ ರಟ್ಟೆಯ ಚರ್ಮದಡಿ ಉಬ್ಬಿ ಸರಿಯುವ ಗಡ್ಡೆಯನ್ನು ಗಮನಿಸಿದವರಿಗೆ ಈ ಹೋಲಿಕೆ ಎಷ್ಟು ಸಹಜವೆಂಬುದು ತಿಳಿಯುತ್ತದೆ. ನಾವಾದರೋ ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ ಸ್ನಾಯುವನ್ನು 'ಮೀನಖಂಡ' ಎನ್ನುತ್ತೇವೆ. ಅಲ್ಲಿ ಇಲಿ, ಇಲ್ಲಿ ಮೀನು. ಇಂಥ ಪದಗಳು ಪಾಠದಿಂದ ಮರೆಯಾಗಬಾರದೆಂಬುದು ನನ್ನ ಆಸೆ. ನಿಮ್ಮ ಮನೆಯ ಹಿರಿಯರು ರಟ್ಟೆ, ತೊಡೆ, ಬೆನ್ನುಗಳ ಸ್ನಾಯುಗಳಿಗೆ ಹೀಗೆ ಬಳಸುವ ಪದಗಳಿದ್ದರೆ, ಜಿಲ್ಲೆಯ ಹೆಸರಿನೊಂದಿಗೆ ದಯವಿಟ್ಟು ತಿಳಿಸಿ.