3ಕ್ಕಿಂತ 4 ದೊಡ್ಡದು, ಹಾಗಾದ್ರೆ 1/4 ಕಪ್ ಯಾಕೆ ಚಿಕ್ಕದು?

ಪುಟ್ಟಿ ಅಮ್ಮ:
ನಮಸ್ಕಾರ ಎಲ್ಲರಿಗೂ. ಮಗಳು ನಾಲ್ಕನೇ ಕ್ಲಾಸು, ಭಿನ್ನರಾಶಿ ಅಂದ್ರೆ ಪುಸ್ತಕ ಮುಚ್ಚಿಡುತ್ತಾಳೆ. ಆದ್ರೆ ಭಾನುವಾರ ರವೆ ಕೇಕ್ ಮಾಡೋಣ ಅಂದ್ರೆ ನನಗಿಂತ ಮೊದಲೇ ಸ್ಟೂಲ್ ಎಳ್ಕೊಂಡು ಬಂದು ನಿಲ್ತಾಳೆ. ಮೊನ್ನೆ 1/3 ಕಪ್ ಎಣ್ಣೆ ಹಾಕು ಅಂದೆ. ಆ ಕಪ್ ಸಿಗಲಿಲ್ಲ. "1/4 ಹಾಕ್ತೀನಿ ಬಿಡಮ್ಮ, ಅದೇ ಜಾಸ್ತಿ, 3ಕ್ಕಿಂತ 4 ದೊಡ್ಡದು ಅಲ್ವಾ" ಅಂದಳು. ತಪ್ಪು ಅಂದ ತಕ್ಷಣ ಮುಖ ಸಪ್ಪಗಾಯಿತು. ಪಾಠ ಅನಿಸದ ಹಾಗೆ ಹೇಗೆ ತೋರಿಸೋದು? ಇನ್ನೊಂದು, ರೆಸಿಪಿ ಇರೋದು 8 ಇಂಚಿನ ದುಂಡು ಟಿನ್‌ಗೆ, ನಮ್ಮದು 6 ಇಂಚು. ಎಷ್ಟು ಕಮ್ಮಿ ಮಾಡಲಿ?

ಬೆಲ್ಲದಚ್ಚು:
ಅಕ್ಕ, ಏನೂ ವಿವರಿಸಬೇಡಿ, ಒಂದು ಪಾತ್ರೆ ನೀರು ಕೊಡಿ. 1/4 ಕಪ್ಪಲ್ಲಿ ಎಷ್ಟು ಸಲ ಸುರಿದರೆ ದೊಡ್ಡ ಕಪ್ ತುಂಬುತ್ತೆ, 1/3ರಲ್ಲಿ ಎಷ್ಟು ಸಲ, ಅಂತ ಮೊದಲು ಅವಳೇ ಊಹಿಸಲಿ, ಆಮೇಲೆ ಸುರಿಯಲಿ. ನನ್ನ ಮಗ ಎರಡನೇ ಸಲಕ್ಕೇ "ಜಾಸ್ತಿ ಸಲ ಸುರೀಬೇಕು ಅಂದ್ರೆ ಕಪ್ ಚಿಕ್ಕದು" ಅಂದ. ಅಂದಿನಿಂದ ಮರೆತಿಲ್ಲ. 1/3 ಕಪ್ ಸಿಗದಿದ್ರೆ ಅಳತೆಯ ದೊಡ್ಡ ಚಮಚ 5, ಚಿಕ್ಕ ಚಮಚ 1 ಹಾಕಿ. ಒಂದು ಕಪ್ಪಿಗೆ 16 ದೊಡ್ಡ ಚಮಚ, ಒಂದು ದೊಡ್ಡ ಚಮಚಕ್ಕೆ 3 ಚಿಕ್ಕದು. ಇದನ್ನೂ ಅವಳ ಕೈಯಲ್ಲೇ ಎಣಿಸಿ.

ಲೆಕ್ಕದ ಮೇಷ್ಟ್ರು:
ಟಿನ್ ವಿಷಯ ಹೇಳ್ತೀನಿ. 8ಕ್ಕೆ 6 ಅಂದ್ರೆ ಮುಕ್ಕಾಲು, ಹಾಗಾಗಿ ಹಿಟ್ಟೂ ಮುಕ್ಕಾಲು ಅಂತ ನಾನೂ ಹಾಕಿದ್ದೆ, ಉಕ್ಕಿ ಓವನ್ ತುಂಬಾ ಚೆಲ್ಲಿತು. ನೋಡಬೇಕಾದ್ದು ತಳದ ಜಾಗ. 8 ಎಂಟಲಿ 64, 6 ಆರಲಿ 36. ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ, ಎಲ್ಲಾ ಅರ್ಧ ಹಾಕಿದ್ರೆ ಸರಿಹೋಗುತ್ತೆ. ಮಗುವಿಗೆ ಗುಣಾಕಾರ ಬೇಡ, ಚೌಕುಳಿ ಹಾಳೆ ಮೇಲೆ ಎರಡು ದುಂಡು ಬರೆದು ಒಳಗಿನ ಚೌಕ ಎಣಿಸಲಿ. ಬಿಸಿ ಅಷ್ಟೇ ಇಡಿ, ಆದ್ರೆ ಸ್ವಲ್ಪ ಬೇಗನೇ ಕಡ್ಡಿ ಚುಚ್ಚಿ ನೋಡಿ.

ಸೇರು ಪಾವು ಅಜ್ಜಿ:
1/4 ಅಂತ ಬರೆಸುವ ಮೊದಲು ಕಾಲು ಅಂತ ಬಾಯಲ್ಲಿ ಹೇಳಿಸಮ್ಮ. ಮೂರು ಕಾಲು ಸೇರಿದ್ರೆ ಮುಕ್ಕಾಲು, ಲೆಕ್ಕ ಆ ಮಾತಲ್ಲೇ ಇದೆ. ನಾವು ಅಕ್ಕಿ ಅಳೆದೇ ಕಲಿತದ್ದು, ಎರಡು ಪಾವು ಅಚ್ಚೇರು, ನಾಲ್ಕು ಪಾವು ಸೇರು. ಮನೇಲಿ ಹಳೇ ಪಾವು ಇದ್ರೆ ಅವಳ ಕೈಗೆ ಕೊಡು.

ಪುಟ್ಟಿ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ನೀರು ಸುರಿಸಿದೆ, ಅಡುಗೆಮನೆ ಪೂರ್ತಿ ಒದ್ದೆ, ಪರವಾಗಿಲ್ಲ. 1/4 ನಾಲ್ಕು ಸಲ ಅಂತ ಗೊತ್ತಾದ ಮೇಲೆ ತುಂಬಾ ಹೊತ್ತು ಸುಮ್ನಿದ್ದು, "ಹಾಗಾದ್ರೆ 1/8 ಇನ್ನೂ ಚಿಕ್ಕದು" ಅಂದಳು. ಆ ಅಳತೆ ಕಪ್ ನಮ್ಮಲ್ಲಿಲ್ಲ. ಚಮಚ ಎಣಿಸಿ, ಎರಡು ದೊಡ್ಡ ಚಮಚ ಅಂತ ಅವಳೇ ಕಂಡುಹಿಡಿದಳು. ಈಗ 1/3ರಲ್ಲಿ ಅರ್ಧ ಎಷ್ಟು ಅಂತ ನೀರು ಹಿಡ್ಕೊಂಡು ಕೂತಿದ್ದಾಳೆ.